ಕತ್ತಿ ಎತ್ತಿದವನೇ ಕತೆ ಹೇಳಿದಾಗ: ತೊಡಕಿನ ಪ್ರೇಮಕತೆಯನ್ನು ಓದುವ ಬಗೆ

ಜನ್ನ ಕವಿ 1209ರಲ್ಲಿ ಬರೆದ 'ಯಶೋಧರ ಚರಿತೆ'ಯಲ್ಲಿ ಒಂದು ರಾತ್ರಿ ಬರುತ್ತದೆ. ಗಂಡನಿಗೆ ನಿದ್ದೆ ಹತ್ತಿದೆ ಎಂದುಕೊಂಡು ರಾಣಿ ಅಮೃತಮತಿ ಮೆಲ್ಲಗೆ ಎದ್ದು ಹೊರಡುತ್ತಾಳೆ. ಅವಳು ಹೋಗುವುದು ಅಷ್ಟಾವಂಕ ಎಂಬ ಮಾವುತನ ಬಳಿಗೆ. ರಾಜ ಯಶೋಧರನಿಗೆ ನಿದ್ದೆ ಬಂದಿರುವುದಿಲ್ಲ. ಅವನು ಕತ್ತಿ ಹಿಡಿದು ಹಿಂದೆಯೇ ಹೋಗುತ್ತಾನೆ. ಅಲ್ಲಿ, ತಡವಾಗಿ ಬಂದಳೆಂದು ಮಾವುತ ಅವಳನ್ನು ಹೊಡೆಯುತ್ತಿದ್ದಾನೆ. ಅವಳು ಹೊಡೆತ ತಿನ್ನುತ್ತಲೇ ಅವನನ್ನು ಓಲೈಸುತ್ತಿದ್ದಾಳೆ. ರಾಜ ಕತ್ತಿ ಎತ್ತುತ್ತಾನೆ. ಆಮೇಲೆ ಮನಸ್ಸು ತಡೆದು ಇಳಿಸುತ್ತಾನೆ. ಸದ್ದಿಲ್ಲದೆ ವಾಪಸ್ ಬಂದು ಮಲಗುತ್ತಾನೆ.

ಇದನ್ನು ಮೊದಲು ಓದಿದಾಗ ನಾನು ಕೇಳಿಕೊಂಡ ಪ್ರಶ್ನೆ ಎಲ್ಲರೂ ಕೇಳುವಂಥದ್ದೇ. ಅರಮನೆ, ಪ್ರೀತಿಸುವ ಗಂಡ, ಎಲ್ಲ ಇದ್ದೂ ಇವಳು ಯಾಕೆ ಹೀಗೆ ಮಾಡಿದಳು? ಅದೂ ಅಷ್ಟು ವಿಕಾರ ರೂಪಿನ, ಕೈಮಾಡುವ ಮನುಷ್ಯನಿಗಾಗಿ? ಅವಳು ಅವನ ಮುಖ ನೋಡಿ ಒಲಿದವಳಲ್ಲ. ರಾತ್ರಿ ತೇಲಿ ಬಂದ ಅವನ ಹಾಡು ಕೇಳಿ ಒಲಿದವಳು. ಅದು ನನಗೆ ಗೊತ್ತಿತ್ತು. ಆದರೂ ಮನಸ್ಸು ರಾಜನ ಪಕ್ಕದಲ್ಲೇ ನಿಂತಿತ್ತು.

ಎಷ್ಟೋ ವರ್ಷದ ಮೇಲೆ ಮತ್ತೆ ಓದಿದಾಗ ಬೇರೊಂದು ವಿಷಯ ಕಣ್ಣಿಗೆ ಬಿತ್ತು. ಈ ಕತೆಯನ್ನು ನಮಗೆ ಹೇಳುತ್ತಿರುವುದು ಯಾರು? ಕಾವ್ಯದಲ್ಲಿ ಅದನ್ನು ಹೇಳುವವನು ಅಭಯರುಚಿ. ಚಂಡಮಾರಿಗೆ ಬಲಿ ಕೊಡಲು ಹಿಡಿದು ತಂದ ಹುಡುಗ. ಮಾರಿದತ್ತ ರಾಜನ ಎದುರು ನಿಂತು ತನ್ನ ಹಿಂದಿನ ಜನ್ಮಗಳ ಕತೆ ಹೇಳುತ್ತಾನೆ. ಆ ಜನ್ಮಗಳಲ್ಲಿ ಒಂದರಲ್ಲಿ ಅವನೇ ಯಶೋಧರ. ಅಂದರೆ ಅಮೃತಮತಿಯ ಪ್ರೀತಿಯ ಕತೆ ನಮಗೆ ಸಿಗುವುದು ಅವಳು ವಿಷವಿಟ್ಟು ಕೊಂದ ಗಂಡನ ಬಾಯಿಂದ.

ಇದು ಗೊತ್ತಾದ ಮೇಲೆ ಇಡೀ ಕತೆ ಒಮ್ಮೆ ಅಲುಗಾಡುತ್ತದೆ ಅಲ್ವಾ? ನಾನು ರಾಜನ ಪಕ್ಕ ನಿಂತದ್ದು ನನ್ನ ತೀರ್ಮಾನ ಎಂದುಕೊಂಡಿದ್ದೆ. ನಿಜದಲ್ಲಿ ಕತೆಯೇ ನನ್ನನ್ನು ಅಲ್ಲಿ ನಿಲ್ಲಿಸಿತ್ತು.

ತೊಡಕಿನ ಸಂಬಂಧದ ಕತೆಯನ್ನು ಓದುವುದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಇಲ್ಲಿಂದಲೇ ಶುರು ಮಾಡುತ್ತೇನೆ. ಸರಳವಾದ ಪ್ರೇಮಕತೆಯಲ್ಲಿ ಅಡ್ಡಿ ಹೊರಗಿರುತ್ತದೆ. ಮನೆಯವರು, ಹಣ, ದೂರ, ಯುದ್ಧ. ಅಡ್ಡಿ ತೊಲಗಿದರೆ ಸುಖ, ತೊಲಗದಿದ್ದರೆ ದುಃಖ. ತೊಡಕಿನ ಕತೆಯಲ್ಲಿ ಅಡ್ಡಿ ಆ ಇಬ್ಬರ ಒಳಗೇ ಇರುತ್ತದೆ. ಪ್ರೀತಿಯೂ ನಿಜ, ನೋವು ಕೊಡುವುದೂ ನಿಜ. ಇಂಥ ಕತೆ ಕೈಗೆ ಬಂದಾಗ ನಾವು ತಕ್ಷಣ ಪಂಚಾಯಿತಿ ಕಟ್ಟೆ ಹತ್ತಿಬಿಡುತ್ತೇವೆ. ಯಾರದು ತಪ್ಪು, ಅವಳದಾ, ಅವನದಾ? ಆದರೆ ಪಂಚಾಯಿತಿಯಲ್ಲೂ ಎರಡು ಕಡೆಯವರ ಮಾತು ಕೇಳಬೇಕು. ಕಾದಂಬರಿ ಸಾಮಾನ್ಯವಾಗಿ ಒಂದೇ ಕಡೆಯ ಮಾತನ್ನು ಜಾಸ್ತಿ ಕೇಳಿಸುತ್ತದೆ. ಹಾಗಾಗಿ ತೀರ್ಪಿಗೆ ಮುಂಚೆ ಕೇಳಬೇಕಾದ್ದು ಇನ್ನೊಂದಿದೆ. ಈ ಕತೆಯಲ್ಲಿ ನಾನು ಯಾರ ಹೆಗಲ ಹಿಂದೆ ನಿಂತಿದ್ದೇನೆ? ಅಲ್ಲಿಂದ ನನಗೆ ಏನು ಕಾಣುತ್ತಿಲ್ಲ?

ಜನ್ನನ ಕಾವ್ಯಕ್ಕೆ ಈ ಪ್ರಶ್ನೆ ಹಾಕಿದರೆ ಇನ್ನೂ ಒಂದು ಸೊಗಸು ಸಿಗುತ್ತದೆ. ರಾಣಿ ತನ್ನ ದೂತಿಯನ್ನು ಮಾವುತನ ಬಳಿ ಕಳಿಸುತ್ತಾಳೆ. ಅವಳು ಹೋಗಿ ನೋಡಿ ಬಂದು, ಅವನ ಒಂದೊಂದು ಅಂಗವೂ ಎಷ್ಟು ವಿಕಾರ ಎಂದು ಹೇಸಿಗೆಯಿಂದ ವರ್ಣಿಸುತ್ತಾಳೆ. ಆಗ ರಾಣಿ, ಒಲವು ಹುಟ್ಟಿದ ಮೇಲೆ ರೂಪದ ಮಾತೇಕೆ ಎಂದು ವಾದ ಮಾಡುತ್ತಾಳೆ. ಕಾವ್ಯದ ಅತಿ ಚೆಂದದ ಮಾತುಗಳಲ್ಲಿ ಅವೂ ಸೇರಿವೆ. ಕನ್ನಡದಲ್ಲಿ ಪ್ರೀತಿಯ ಪರವಾಗಿ ಬಂದ ವಾದಗಳಲ್ಲಿ ಅದಕ್ಕೆ ದೊಡ್ಡ ಜಾಗ ಇದೆ. ಆ ಗುಟ್ಟಿನ ಮಾತು ನಡೆದಾಗ ಗಂಡ ಅಲ್ಲಿರಲಿಲ್ಲ. ಆದರೂ ಅದು ಬಂದಿರುವುದು ಅವನು ಹೇಳುವ ಕತೆಯೊಳಗೇ. ಕತೆ ಹೇಳುವವನು ಅವಳನ್ನು ಕೆಟ್ಟವಳು ಎನ್ನುತ್ತಿದ್ದಾನೆ. ಕವಿ ಮಾತ್ರ ಅವಳ ಕಡೆಯ ಅತ್ಯುತ್ತಮ ಮಾತನ್ನು ಅವಳ ಬಾಯಲ್ಲೇ ಇಟ್ಟಿದ್ದಾನೆ. ಹೇಳುವವನು ಬೇರೆ, ಬರೆದವನು ಬೇರೆ. ಈ ಎರಡರ ನಡುವಿನ ಬಿರುಕಿನಲ್ಲೇ ಒಳ್ಳೆಯ ಪ್ರೇಮಕತೆಯ ಉಸಿರು ಇರುತ್ತದೆ ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಇದೇ ಕತೆಯನ್ನು ಗಿರೀಶ ಕಾರ್ನಾಡರು 'ಹಿಟ್ಟಿನ ಹುಂಜ' ನಾಟಕವಾಗಿಸಿದಾಗ ರಾಣಿ ರಂಗದ ಮೇಲೆ ನಿಂತು ತನ್ನ ಮಾತನ್ನು ತಾನೇ ಆಡಿದಳು. ಪಾತ್ರಗಳು ಅವೇ, ರಾತ್ರಿ ಅದೇ. ನೋಡುವವರ ಮನಸ್ಸು ಮಾತ್ರ ಬೇರೆ ಕಡೆ ವಾಲುತ್ತದೆ.

ಕತೆ ಹೇಳುವವರು ಗಂಡನೋ ಹೆಂಡತಿಯೋ ಆಗಿದ್ದರೆ ಅವರ ಒಲವು ಎತ್ತ ಎಂದು ಊಹಿಸುವುದು ಸುಲಭ. ಮೂರನೆಯವರು ಹೇಳಿದಾಗ ನಾವು ಮೈಮರೆಯುತ್ತೇವೆ. ಅವರಿಗೇನು ಲಾಭ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ ಎಂದು ನಂಬುತ್ತೇವೆ. ಎಮಿಲಿ ಬ್ರಾಂಟೆ 1847ರಲ್ಲಿ ಪ್ರಕಟಿಸಿದ 'ವದರಿಂಗ್ ಹೈಟ್ಸ್' ಕಾದಂಬರಿ ಈ ನಂಬಿಕೆಯನ್ನು ಚೆನ್ನಾಗಿ ಪರೀಕ್ಷೆ ಮಾಡುತ್ತದೆ.

ಅದರ ಒಂಬತ್ತನೆಯ ಅಧ್ಯಾಯದಲ್ಲಿ ಕ್ಯಾಥರೀನ್ ಅಡುಗೆಮನೆಗೆ ಬಂದು, ಮನೆಗೆಲಸದ ನೆಲ್ಲಿಯ ಹತ್ತಿರ ಮನಸ್ಸು ಬಿಚ್ಚುತ್ತಾಳೆ. ಎಡ್ಗರ್ ಎಂಬ ಸ್ಥಿತಿವಂತ ಅವಳನ್ನು ಮದುವೆಗೆ ಕೇಳಿದ್ದಾನೆ, ಅವಳು ಒಪ್ಪಿದ್ದಾಳೆ. ಮಾತಿನ ನಡುವೆ, ಚಿಕ್ಕಂದಿನಿಂದ ತನ್ನ ಜೊತೆ ಅದೇ ಮನೆಯಲ್ಲಿ ಬೆಳೆದ ಹೀತ್‌ಕ್ಲಿಫ್‌ನನ್ನು ಈಗ ಮದುವೆಯಾದರೆ ತನ್ನ ಮರ್ಯಾದೆಗೆ ಕಡಿಮೆ ಎನ್ನುತ್ತಾಳೆ. ಅದೇ ಕೋಣೆಯಲ್ಲಿ ಅವಳಿಗೆ ಕಾಣದ ಹಾಗೆ ಹೀತ್‌ಕ್ಲಿಫ್ ಬೆಂಚಿನ ಮೇಲಿದ್ದಾನೆ. ಅಷ್ಟು ಕೇಳಿಸಿಕೊಂಡು ಸದ್ದಿಲ್ಲದೆ ಎದ್ದು ಹೋಗುತ್ತಾನೆ. ಅವನು ಹೋದ ಮೇಲೆ ಅವಳು ಮುಂದಿನ ಮಾತು ಹೇಳುತ್ತಾಳೆ. 'ತಾನು' ಎಂಬುದು ತನ್ನಲ್ಲಿರುವುದಕ್ಕಿಂತ ಹೆಚ್ಚಾಗಿ ಅವನಲ್ಲೇ ಇದೆ, ಅವನೂ ತಾನೂ ಬೇರೆ ಅಲ್ಲ ಎಂಬ ಮಾತು. ಅವನಿಗೆ ಅರ್ಧ ಕೇಳಿಸಿತು, ನಮಗೆ ಪೂರ್ತಿ ಕೇಳಿಸಿತು. ಆ ಅರ್ಧಕ್ಕೆ ಅವನು ಮನೆ ಬಿಟ್ಟು ಮೂರು ವರ್ಷ ಕಾಣೆಯಾಗುತ್ತಾನೆ.

ಇಲ್ಲಿ ಎಲ್ಲರೂ ಆ ಇಬ್ಬರನ್ನೇ ನೋಡುತ್ತಾರೆ. ನಾನೂ ಹಾಗೇ ನೋಡಿದೆ. ಎರಡನೆಯ ಸಲ ಓದಿದಾಗಲೇ ನೆಲ್ಲಿ ಕಂಡದ್ದು. ಹೀತ್‌ಕ್ಲಿಫ್ ಎದ್ದು ಹೋದದ್ದನ್ನು ಅವಳು ನೋಡಿದ್ದಾಳೆ. ಆ ಕ್ಷಣದಲ್ಲಿ ಹೇಳುವುದಿಲ್ಲ. ಹೇಳುವ ಹೊತ್ತಿಗೆ ಅವನು ದೂರ ಹೋಗಿ ಆಗಿದೆ. ಆ ಕತೆಯನ್ನು ವರ್ಷಗಟ್ಟಲೆ ಆದ ಮೇಲೆ ಲಾಕ್‌ವುಡ್ ಎಂಬ ಹೊಸಬನಿಗೆ ಹೇಳುವವಳೂ ಅವಳೇ. ಅವನು ಅದನ್ನು ಬರೆದಿಡುತ್ತಾನೆ. ಅಂದರೆ ನಮಗೂ ಆ ಇಬ್ಬರಿಗೂ ನಡುವೆ ಎರಡು ಬಾಗಿಲುಗಳಿವೆ. ಒಂದು ಬಾಗಿಲಲ್ಲಿ ಆ ದಿನ ಬಾಯಿ ಬಿಡದ ಹೆಂಗಸು ನಿಂತಿದ್ದಾಳೆ. ಅವಳು ಕ್ಯಾಥರೀನಳನ್ನು ಹಟಮಾರಿ ಎಂದಾಗೆಲ್ಲ ನಾನು ಈಗ ಒಂದು ಗಳಿಗೆ ನಿಂತು ಓದುತ್ತೇನೆ. ನೆಲ್ಲಿ ಸುಳ್ಳು ಹೇಳುತ್ತಾಳೆ ಎಂದು ನನ್ನ ಮಾತಿನ ಅರ್ಥ ಅಲ್ಲ. ಅವಳಿಗೂ ಈ ಕತೆಯಲ್ಲಿ ಒಂದು ಪಾಲಿದೆ, ಅಷ್ಟೇ.

ಹೇಳುವವರು ಯಾರೆಂದು ಹೆಸರು ಹಿಡಿದು ತೋರಿಸಲು ಆಗದ ಕತೆಗಳೂ ಇವೆ. ಎಲ್ಲವನ್ನೂ 'ಅವನು', 'ಅವಳು' ಎಂದೇ ಬರೆದಿರುತ್ತಾರೆ. ಇಲ್ಲಿ ಜಾಸ್ತಿ ಎಚ್ಚರ ಬೇಕು. ಇದನ್ನು ಕನ್ನಡದಲ್ಲೇ ಒಂದು ಸಣ್ಣ ಉದಾಹರಣೆ ಕಟ್ಟಿ ತೋರಿಸುತ್ತೇನೆ.

'ಅವನು ಇವತ್ತೂ ಬರುವುದಿಲ್ಲ ಎಂದು ಅವಳು ಅಂದುಕೊಂಡಳು.' ಈ ವಾಕ್ಯದಲ್ಲಿ ಎಲ್ಲ ಸ್ಪಷ್ಟವಾಗಿದೆ. ಯೋಚನೆ ಅವಳದು, ವರದಿ ಲೇಖಕರದು. ನಡುವೆ 'ಎಂದು' ಅನ್ನುವ ಬೇಲಿ ಇದೆ.

ಈಗ ಬೇಲಿ ಕಿತ್ತು ನೋಡಿ. 'ಅವಳು ಬಾಗಿಲ ಕಡೆ ನೋಡಿದಳು. ಇವತ್ತೂ ಬರುವುದಿಲ್ಲ. ಯಾಕೆ ಬರಬೇಕು? ಅವನಿಗೇನು ಬಿದ್ದಿದೆ?' ಕೊನೆಯ ಮೂರು ವಾಕ್ಯ ಯಾರವು? ಅವಳ ಮನಸ್ಸಿನವು. ಆದರೆ ಬಂದಿರುವುದು ಲೇಖಕರ ದನಿಯಲ್ಲೇ, ನಡೆದ ಸಂಗತಿಯ ಹಾಗೆ. 'ಅವನಿಗೇನು ಬಿದ್ದಿದೆ' ಅನ್ನುವುದು ಅವಳ ಸಿಟ್ಟು. ಓದುವ ನಮಗೆ ಅದು ಅವನ ಗುಣವೇ ಎಂಬಂತೆ ಒಳಗೆ ಇಳಿಯುತ್ತದೆ. ಹತ್ತು ಪುಟ ಹೀಗೇ ಓದಿದರೆ ಅವನು ಕಲ್ಲುಮನಸ್ಸಿನವನು ಎಂದು ನಾವು ನಂಬಿಬಿಟ್ಟಿರುತ್ತೇವೆ. ಅವನು ಒಂದು ಮಾತೂ ಆಡಿರುವುದಿಲ್ಲ.

ಕಾದಂಬರಿಕಾರರ ಕೈಯಲ್ಲಿರುವ ಅತಿ ಬಲವಾದ ಉಪಾಯ ಇದೇ ಎಂದು ನನ್ನ ಅನಿಸಿಕೆ. ಒಂದು ಸಲ ಇದು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ಗುಸ್ತಾವ್ ಫ್ಲಾಬೇರ್‌ನ 'ಮದಾಂ ಬೋವರಿ' 1856ರಲ್ಲಿ ಪ್ಯಾರಿಸ್‌ನ ಒಂದು ಪತ್ರಿಕೆಯಲ್ಲಿ ಕಂತುಗಳಲ್ಲಿ ಬಂತು. ಮದುವೆಯಾದ ಎಮ್ಮ ಬೇರೆ ಗಂಡಸರನ್ನು ಪ್ರೀತಿಸುವ ಕತೆ. 1857ರ ಜನವರಿಯಲ್ಲಿ ಲೇಖಕನ ಮೇಲೆ ಮೊಕದ್ದಮೆ ನಡೆಯಿತು. ಸರ್ಕಾರದ ವಕೀಲ ಪಿನಾರ್‌ನ ದೂರುಗಳಲ್ಲಿ ಒಂದು ಬಹಳ ಸೂಕ್ಷ್ಮವಾದದ್ದು. ಈ ಹೆಂಗಸನ್ನು ತಪ್ಪಿತಸ್ಥೆ ಎನ್ನುವವರು ಪುಸ್ತಕದೊಳಗೆ ಯಾರೂ ಇಲ್ಲ ಎಂಬುದು. ಅವನು ಹೇಳಿದ್ದು ಸರಿಯಾಗೇ ಇತ್ತು! ತನಗೊಬ್ಬ ಪ್ರಿಯಕರ ಇದ್ದಾನೆ ಎಂದು ಎಮ್ಮ ಕನ್ನಡಿಯ ಮುಂದೆ ಸಂಭ್ರಮಿಸುವಾಗ ಲೇಖಕ ಪಕ್ಕದಲ್ಲಿ ನಿಂತು ಬುದ್ಧಿ ಹೇಳುವುದಿಲ್ಲ. ಅವಳ ಸಂಭ್ರಮವನ್ನು ಅವಳ ಬಣ್ಣದಲ್ಲೇ ಬರೆಯುತ್ತಾನೆ. ಫೆಬ್ರವರಿಯಲ್ಲಿ ಫ್ಲಾಬೇರ್ ಖುಲಾಸೆಯಾದ. ವಕೀಲನಿಗೆ ತಪ್ಪಾಗಿ ಕಂಡದ್ದು ಆ ಪುಸ್ತಕದ ಕಸುಬೇ ಆಗಿತ್ತು. ತೀರ್ಪು ಕೊಡುವ ಕೆಲಸವನ್ನು ಲೇಖಕ ಓದುವವರ ಕೈಗೆ ಬಿಟ್ಟಿದ್ದ. ಅದರ ಭಾರ ಆ ವಕೀಲನಿಗೆ ಹೊರಲಾಗಲಿಲ್ಲ. ಎಷ್ಟೋ ಸಲ ನಮಗೂ ಹೊರಲಾಗುವುದಿಲ್ಲ.

ಹಾಗಾಗಿ ಇಂಥ ಕತೆ ಓದುವಾಗ ನಾನು ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಯಾರ ಬಗ್ಗೆಯಾದರೂ ಒಂದು ಅಭಿಪ್ರಾಯ ಗಟ್ಟಿಯಾಗುತ್ತಿದೆ ಅನ್ನಿಸಿದಾಗ ಎರಡು ಪುಟ ಹಿಂದೆ ಹೋಗುತ್ತೇನೆ. ಅವರು ನಿಜಕ್ಕೂ ಏನು ಮಾಡಿದರು, ಏನು ಹೇಳಿದರು ಎಂಬುದನ್ನಷ್ಟೇ ಹುಡುಕುತ್ತೇನೆ. ಉಳಿದದ್ದೆಲ್ಲ ಯಾರ ಮನಸ್ಸಿನ ಬಣ್ಣ ಎಂದು ನೋಡುತ್ತೇನೆ. ಸಿಗುವುದು ಬಹಳ ಸ್ವಲ್ಪ. 'ಅವನು ಬಾಗಿಲು ಹಾಕಿದ.' 'ಅವಳು ಕಾಗದಕ್ಕೆ ಉತ್ತರ ಬರೆಯಲಿಲ್ಲ.' ಅಷ್ಟರ ಮೇಲೆ ಎಷ್ಟು ದೊಡ್ಡ ಮನೆ ಕಟ್ಟಿದ್ದೆನಲ್ಲ ಎಂದು ಪ್ರತಿ ಸಲವೂ ಆಶ್ಚರ್ಯವಾಗುತ್ತದೆ.

ಮಾತಿನ ವಿಷಯಕ್ಕೆ ಬರೋಣ. ಒಬ್ಬರಿಗೊಬ್ಬರು ಹತ್ತಿರವಾದವರು ಮುಖ್ಯವಾದದ್ದನ್ನು ನೇರವಾಗಿ ಹೇಳುವುದು ಕಡಿಮೆ. ಟಾಲ್‌ಸ್ಟಾಯ್‌ನ 'ಅನ್ನಾ ಕರೆನಿನಾ' 1875ರಿಂದ 1877ರವರೆಗೆ ಕಂತುಗಳಲ್ಲಿ ಬಂದ ಭಾರಿ ಕಾದಂಬರಿ. ಅದರ ದೊಡ್ಡ ಪ್ರೇಮದ ದುರಂತ ಎಲ್ಲರಿಗೂ ಗೊತ್ತು. ನನ್ನನ್ನು ಕಾಡುವುದು ಅದರ ಆರನೆಯ ಭಾಗದ ಪುಟ್ಟ ಅಧ್ಯಾಯ. ಸೆರ್ಗೇಯ್ ಇವಾನೊವಿಚ್ ಮತ್ತು ವಾರೆಂಕಾ ಕಾಡಿನಲ್ಲಿ ಅಣಬೆ ಹುಡುಕುತ್ತಿದ್ದಾರೆ. ಮದುವೆಗೆ ಕೇಳಬೇಕೆಂದು ಅವನು ನಿರ್ಧಾರ ಮಾಡಿಕೊಂಡೇ ಬಂದಿದ್ದಾನೆ. ಏನು ಹೇಳಬೇಕೆಂಬ ಮಾತುಗಳನ್ನೂ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದಾನೆ. ಅವಳಿಗೂ ಗೊತ್ತಾಗಿದೆ, ಎದೆ ಬಡಿದುಕೊಳ್ಳುತ್ತಿದೆ. ಮೌನ ತಡೆಯಲಾರದೆ ಅವಳು ಅಣಬೆಯ ಮಾತು ತೆಗೆಯುತ್ತಾಳೆ. ಅವನು ಜೋಡಿಸಿಟ್ಟ ಮಾತು ಬಾಯಿಗೆ ಬರುವುದಿಲ್ಲ. ಬದಲಿಗೆ ಎರಡು ಜಾತಿಯ ಅಣಬೆಗಳ ನಡುವೆ ವ್ಯತ್ಯಾಸ ಏನು ಎಂದು ಕೇಳುತ್ತಾನೆ. ತಲೆಯಲ್ಲಿ ಅಷ್ಟೇನಿಲ್ಲ, ಕಾಂಡದಲ್ಲಿದೆ ಎಂದು ಅವಳು ನಡುಗುವ ತುಟಿಯಲ್ಲಿ ಉತ್ತರಿಸುತ್ತಾಳೆ. ಆ ಮಾತು ಮುಗಿಯುವಷ್ಟರಲ್ಲಿ ಇಬ್ಬರಿಗೂ ತಿಳಿದುಹೋಗುತ್ತದೆ. ಇನ್ನು ಆ ಮಾತು ಬರುವುದಿಲ್ಲ.

ಜಗಳ ಇಲ್ಲ, ಕಣ್ಣೀರು ಇಲ್ಲ, ತಪ್ಪು ಯಾರದೂ ಅಲ್ಲ. ಅಣಬೆಯ ಬಗ್ಗೆ ಎರಡು ವಾಕ್ಯ. ಕತೆಯನ್ನು ಓಡಿಸಿಕೊಂಡು ಓದುವವರಿಗೆ ಇಲ್ಲಿ ಏನೂ ನಡೆಯಲಿಲ್ಲ ಅನ್ನಿಸುತ್ತದೆ. ಎರಡು ಬದುಕು ಬೇರೆ ದಾರಿ ಹಿಡಿದದ್ದು ಇಲ್ಲೇ. ಸಂಭಾಷಣೆ ಓದುವಾಗ ಇವರು ಯಾವುದರ ಬಗ್ಗೆ ಮಾತಾಡುತ್ತಿದ್ದಾರೆ ಎನ್ನುವುದರ ಜೊತೆಗೆ, ಯಾವ ಮಾತನ್ನು ದಾಟಿ ಹೋಗಲು ಇದನ್ನು ಆಡುತ್ತಿದ್ದಾರೆ ಎಂದೂ ಕೇಳಿಕೊಳ್ಳಿ.

ಕನ್ನಡದ ಕತೆಗಳಲ್ಲಿ ಇದಕ್ಕೆ ನಮಗೆ ಒಂದು ಒಳ್ಳೆಯ ಸುಳಿವು ಸಿಗುತ್ತದೆ. 'ನೀವು' ಯಾವ ಸಾಲಿನಲ್ಲಿ 'ನೀನು' ಆಯಿತು ಎಂದು ನೋಡಿ. ಹೆಸರು ಹಿಡಿದು ಕರೆಯುತ್ತಿದ್ದವರು ಯಾವಾಗ ಸುಮ್ನೆ 'ಕೇಳಿಸ್ತಾ?' ಅನ್ನಲು ಶುರು ಮಾಡಿದರು? 'ನಮ್ಮ ಮನೆ' ಯಾವ ಅಧ್ಯಾಯದಲ್ಲಿ 'ನಿನ್ನ ಮನೆ' ಆಯಿತು? ಒಳ್ಳೆಯ ಲೇಖಕರು ಸಂಬಂಧ ಹಳಸಿತು ಎಂದು ಬರೆಯುವುದಿಲ್ಲ. ಸರ್ವನಾಮ ಬದಲಾಯಿಸುತ್ತಾರೆ.

ಇಷ್ಟೆಲ್ಲ ಸಹಾನುಭೂತಿಯಿಂದ ಓದಿದರೆ ಕೊನೆಗೆ ಎಲ್ಲವನ್ನೂ ಕ್ಷಮಿಸಬೇಕಾಗುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ಇದು ನ್ಯಾಯವಾದ ಪ್ರಶ್ನೆ. ನನ್ನ ಉತ್ತರ, ಇಲ್ಲ. ಅರ್ಥ ಮಾಡಿಕೊಳ್ಳುವುದೇ ಬೇರೆ, ಸರಿ ಎನ್ನುವುದೇ ಬೇರೆ. ಹೀತ್‌ಕ್ಲಿಫ್‌ನ ನೋವು ದೊಡ್ಡದು. ಆ ನೋವಿನಲ್ಲಿ ಅವನು ಎಡ್ಗರ್‌ನ ತಂಗಿ ಇಸಬೆಲ್ಲಾಳನ್ನು ಮದುವೆಯಾಗಿ ಹಿಂಸಿಸುತ್ತಾನೆ. ಅವಳು ನೆಲ್ಲಿಗೆ ಒಂದು ಕಾಗದ ಬರೆಯುತ್ತಾಳೆ. ಇವನು ಮನುಷ್ಯನೇ, ಮನುಷ್ಯನಾದರೆ ಹುಚ್ಚನೇ, ಅಲ್ಲವಾದರೆ ಪಿಶಾಚಿಯೇ ಎಂದು ಕೇಳುತ್ತಾಳೆ. ಬ್ರಾಂಟೆ ಆ ಕಾಗದವನ್ನು ಅವಳ ದನಿಯಲ್ಲೇ ಹೆಚ್ಚುಕಡಿಮೆ ಒಂದಿಡೀ ಅಧ್ಯಾಯದ ತುಂಬ ಓದಿಸುತ್ತಾಳೆ. ಇದನ್ನು ಹಾರಿಸಿ ಓದಿದವರಿಗೆ ಹೀತ್‌ಕ್ಲಿಫ್ ಒಬ್ಬ ಅಮರ ಪ್ರೇಮಿಯಾಗಿ ಉಳಿಯುತ್ತಾನೆ. ನಿಂತು ಓದಿದವರಿಗೆ ಪ್ರೇಮಿಯೂ ಅವನೇ, ಮನೆಯೊಳಗಿನ ಭಯವೂ ಅವನೇ. ಎರಡರಲ್ಲಿ ಒಂದನ್ನು ಆರಿಸಿಕೊಂಡರೆ ಕಾದಂಬರಿ ಅರ್ಧವಾಗುತ್ತದೆ. ಕ್ರೌರ್ಯವನ್ನು 'ಗಾಢ ಪ್ರೀತಿ' ಎಂದು ಕರೆಯುವ ಓದನ್ನು ನಾನು ಒಪ್ಪಲಾರೆ. ಅಂಥ ಓದಿನಲ್ಲಿ ಇಸಬೆಲ್ಲಾಳ ಕಾಗದಕ್ಕೆ ಜಾಗವೇ ಇರುವುದಿಲ್ಲ.

ಮುಕ್ತಾಯದ ಬಗ್ಗೆಯೂ ಸ್ವಲ್ಪ ಹೇಳಬೇಕು. ಯಾಕೆಂದರೆ ಓದುಗರ ದೂರು ಜಾಸ್ತಿ ಬರುವುದು ಇಲ್ಲಿಯೇ. ಕೊನೆಗೆ ಸೇರಿದರೋ ಇಲ್ಲವೋ ಹೇಳಲೇ ಇಲ್ಲ ಎನ್ನುತ್ತಾರೆ. ಚಾರ್ಲ್ಸ್ ಡಿಕನ್ಸ್ 1861ರಲ್ಲಿ ಮುಗಿಸಿದ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್'ಗೆ ಮೊದಲು ಬರೆದ ಕೊನೆ ಬೇರೆ ಇತ್ತು. ಅದರಲ್ಲಿ, ಕತೆ ಹೇಳುವ ಪಿಪ್ ಚಿಕ್ಕಂದಿನಿಂದ ಪ್ರೀತಿಸಿದ ಎಸ್ಟೆಲ್ಲಾ ಇನ್ನೊಬ್ಬನನ್ನು ಮದುವೆಯಾಗಿರುತ್ತಾಳೆ. ಪಿಪ್ ಅವಳನ್ನು ಬೀದಿಯಲ್ಲಿ ಒಂದು ಗಳಿಗೆ ನೋಡುತ್ತಾನೆ, ಅಷ್ಟೇ. ಗೆಳೆಯ ಬುಲ್ವರ್ ಲಿಟ್ಟನ್‌ನ ಮಾತು ಕೇಳಿ ಡಿಕನ್ಸ್ ಅದನ್ನು ಬದಲಿಸಿದ. ಹೊಸ ಕೊನೆಯಲ್ಲಿ ಇಬ್ಬರೂ ಕೈ ಹಿಡಿದು ನಡೆಯುತ್ತಾರೆ. ಆದರೂ ಡಿಕನ್ಸ್ ಮದುವೆಯ ಮಾತು ಬರೆಯಲಿಲ್ಲ. ಅವಳಿಂದ ಇನ್ನೊಮ್ಮೆ ಅಗಲುವ ನೆರಳು ತನಗೆ ಕಾಣಲಿಲ್ಲ ಎಂದು ಪಿಪ್ ಹೇಳುತ್ತಾನೆ. ಅಲ್ಲಿಗೆ ಮುಗಿಯುತ್ತದೆ. ಅವನಿಗೆ ಕಾಣಲಿಲ್ಲ, ಸರಿ. ಆದರೆ ಈ ಮನುಷ್ಯ ಇಡೀ ಕಾದಂಬರಿಯಲ್ಲಿ ಎಷ್ಟು ಸಲ ತಪ್ಪಾಗಿ ಕಂಡಿದ್ದಾನೆ! ಯಾರು ಹೇಳುತ್ತಿದ್ದಾರೆ ಎಂಬ ಮೊದಲಿನ ಪ್ರಶ್ನೆ ಕೊನೆಯ ವಾಕ್ಯದಲ್ಲೂ ಬಂದು ಕೂರುತ್ತದೆ.

ಚೆಕಾಫ್ 1899ರಲ್ಲಿ ಬರೆದ, ಪುಟ್ಟ ನಾಯಿಯ ಜೊತೆ ಓಡಾಡುವ ಹೆಂಗಸಿನ ಕತೆಯಲ್ಲಿ ಇಬ್ಬರೂ ಬೇರೆಯವರನ್ನು ಮದುವೆಯಾದವರು. ಗುಟ್ಟಾಗಿ ಸೇರುತ್ತಾರೆ, ಏನು ಮಾಡುವುದೆಂದು ತಿಳಿಯದೆ ಮಾತಾಡುತ್ತಾರೆ. ಅತಿ ಕಷ್ಟದ ಭಾಗ ಈಗಷ್ಟೇ ಶುರುವಾಗುತ್ತಿದೆ ಎಂಬಲ್ಲಿ ಚೆಕಾಫ್ ಪೆನ್ನು ಕೆಳಗಿಡುತ್ತಾನೆ. ಉತ್ತರ ಆ ಇಬ್ಬರಿಗೇ ಗೊತ್ತಿಲ್ಲದಿರುವಾಗ ನಮಗೆ ಮಾತ್ರ ಹೇಳುವುದು ಹೇಗೆ?

ಒಂದು ಕೆಲಸ ಮಾಡಿ ನೋಡಿ. ನಿಮಗೆ ತುಂಬ ಹಿಡಿಸಿದ ಇಂಥ ಕತೆಯಿಂದ ಒಂದೇ ಒಂದು ಸನ್ನಿವೇಶ ತೆಗೆದುಕೊಂಡು ಇನ್ನೊಬ್ಬರ ಬಾಯಲ್ಲಿ ಹೇಳಿ. ಬರೆಯಬೇಕೆಂದಿಲ್ಲ, ಮನಸ್ಸಿನಲ್ಲೇ ಸಾಕು. ಹೊಸದಾಗಿ ಏನನ್ನೂ ಸೇರಿಸಬೇಡಿ. ಆ ವ್ಯಕ್ತಿಗೆ ಆಗ ಏನು ಗೊತ್ತಿತ್ತೋ ಅಷ್ಟನ್ನೇ ಇಟ್ಟುಕೊಳ್ಳಿ.

ನಾನು ಇದನ್ನು ಅಮೃತಮತಿಯ ರಾತ್ರಿಗೆ ಮಾಡಿ ನೋಡಿದೆ. ಅವಳು ಹೇಳಿದರೆ ಆ ಕತೆಯಲ್ಲಿ ರಾಜ ಬರುವುದೇ ಇಲ್ಲ. ಅವನು ಅವಳ ಬೆನ್ನ ಹಿಂದೆ ಕತ್ತಲಲ್ಲಿ ನಿಂತಿದ್ದಾನೆ, ಅವಳಿಗೆ ಗೊತ್ತಿಲ್ಲ. ಕತ್ತಿ ಇಲ್ಲ, ಎತ್ತಿದ್ದೂ ಇಲ್ಲ, ಮನಸ್ಸು ತಡೆದು ಇಳಿಸಿದ್ದೂ ಇಲ್ಲ. ಅವಳು ಹೊರಡುವುದು ತಡವಾಯಿತು. ಹೊಡೆತ ಬಿತ್ತು. ಅವನನ್ನು ಸಮಾಧಾನ ಮಾಡಿದಳು. ಬೆಳಗಾಗುವ ಮುಂಚೆ ಅರಮನೆಗೆ ವಾಪಸ್ ಬಂದು, ನಿದ್ದೆಯಲ್ಲಿದ್ದ ಗಂಡನ ಪಕ್ಕ ಮಲಗಿದಳು.